ಮುಂದೆ ನಡೆಯುತ್ತಿದ್ದ ಅಕ್ಕಾರು

ಉಮದಿಯ ನಮ್ಮ ಓಣಿಯ ಹೆಂಗಸರನ್ನು ಕೊಳ್ಳದೊಳಗಿನ ಈಶ್ವರನ ಗುಡಿಗೆ ಕರೆದೊಯ್ಯುವ ಹಕ್ಕು ತಮ್ಮೊಬ್ಬರದೇ ಎಂದು ಪಕ್ಕದ ಮನೆಯ ಅಕ್ಕಾರು ತಿಳಿದಿದ್ದರು. ವಿಭೂತಿಯನ್ನು ಮೊಳಕೈತನಕ ಬಳಿದುಕೊಂಡು, ಸೆರಗು ಕೊಡವಿ, "ನಾ ಅದೀನಲ್ಲ, ಬರ್ರಿ" ಎಂದರೆ ಮುಗಿಯಿತು.

ಆ ಚೈತ್ರದ ಸೋಮವಾರ ಅವರ ಶೃಂಗಾರ ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ನಾನು ನೀರಿನ ತಂಬಿಗೆ ಹಿಡಿದರೆ, "ಉಪಾಸ ಇದ್ದಾಕಿಗೆ ನೀರ ಯಾಕ ಬೇಕವಾ? ದೇವರ ಮ್ಯಾಲ ನಂಬಿಕಿ ಇಲ್ಲೇನು?" ಎಂದು ಕಟ್ಟೆಯ ಮೇಲೇ ಇಡಿಸಿದರು. ಅಭಿಷೇಕದ ಕೊಡ ಮಾತ್ರ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು, ಅವರ ಹೊಸ ಸೊಸೆಯ ತಲೆಯ ಮೇಲೆ ಹೊರಟಿತು.

ಕೊಳ್ಳದಲ್ಲಿ ಗಾಳಿಯಿರಲಿಲ್ಲ, ಎರಡೂ ಬದಿಯ ಬಂಡೆಗಳು ರೊಟ್ಟಿಯ ಹಂಚಿನಂತೆ ಕಾದಿದ್ದವು. ಅರ್ಧ ದಾರಿಯಲ್ಲಿ ಸೊಸೆ ಕುಸಿದಳು. ಶಿವನ ದಯೆ, ಕೊಡ ಚೆಲ್ಲುವ ಮೊದಲೇ ನನ್ನ ಕೈಗೆ ಸಿಕ್ಕಿತು. ಹುಡುಗಿಯ ಮೈ ಕೆಂಡವಾಗಿತ್ತು, ಏನೇನೋ ಬಡಬಡಿಸುತ್ತಿದ್ದಳು. ನಾನು ಕೊಡದ ಬಟ್ಟೆ ಬಿಚ್ಚಿದೆ.

"ಏ, ಅದು ದೇವರ ನೀರು. ಮೈಲಿಗಿ ಮಾಡಬ್ಯಾಡ," ಎಂದರು ಅಕ್ಕಾರು, ಅಲ್ಲಿದ್ದ ಒಂದೇ ನೆರಳಿನಲ್ಲಿ ಕುಳಿತುಕೊಂಡೇ.

"ನೀವು ಅದೀರಲ್ರಿ ಅಕ್ಕಾರ, ದೇವರಿಗೆ ತಿಳಿಸಿ ಹೇಳ್ರಿ. ಮೊದಲ ಆ ನೆರಳು ಬಿಡ್ರಿ."

ಹುಡುಗಿಯನ್ನು ಅಲ್ಲಿ ಮಲಗಿಸಿ, ತಲೆಗೆ ಮೈಗೆ ನೀರು ಹೊಯ್ದು ಸೆರಗಿನಿಂದ ಗಾಳಿ ಹಾಕಿದೆವು. ಕಣ್ಣು ತೆರೆದು ತಾನೇ ನೀರು ಕೇಳಿದ ಮೇಲೆ ಗುಟುಕು ಗುಟುಕಾಗಿ ಕುಡಿಸಿದೆವು. ಈಶ್ವರನಿಗೆ ಅಂದು ಹನಿ ನೀರೂ ಸಿಗಲಿಲ್ಲ. ಅವನು ಏನೂ ಅನ್ನಲಿಲ್ಲ.

ಮರುದಿನ ಅಕ್ಕಾರು ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಹೇಳುತ್ತಿದ್ದರು: "ಸೊಸಿ ಬಿದ್ದಳು. ದೇವರ ನೀರು ಹಾಕ್ರಿ ಅಂದೆ, ಎದ್ದಳು. ನಾ ಇದ್ದೆನಲ್ಲ."

ಮುಂದಿನ ಚೈತ್ರದಲ್ಲಿ ನಾವು ನಸುಕಿನಲ್ಲೇ, ಒಬ್ಬೊಬ್ಬರೂ ತಂಬಿಗೆ ತುಂಬಿಕೊಂಡು, ಅಕ್ಕಾರು ಏಳುವ ಮೊದಲೇ ಕೊಳ್ಳಕ್ಕೆ ಇಳಿದೆವು. ಎಲ್ಲರಿಗಿಂತ ಮುಂದೆ ಅವರ ಸೊಸೆ ನಡೆಯುತ್ತಿದ್ದಳು.