ಅಕ್ಕನ ಊರಿನ ಗೆರೆ

ನರಸೀಪುರದಿಂದ ನಮ್ಮ ಕವಲಂದೆಗೆ ನೇರ ಬಸ್ಸು ನಿಂತ ಮೇಲೆ ಅಕ್ಕ ತವರಿಗೆ ಬರುವುದನ್ನೇ ಬಿಟ್ಟಳು. ನಂಜನಗೂಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಲು ಅವಳ ಮಂಡಿ ಒಪ್ಪುವುದಿಲ್ಲ. ಕಾರು ತರುತ್ತೇನೆಂದರೆ, ಅದರ ವಾಸನೆಗೇ ವಾಂತಿ ಬರುತ್ತದೆ ಎಂದು ಮುಖ ತಿರುಗಿಸುತ್ತಾಳೆ. ಹಟಮಾರಿ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರೆಂದರೆ ನಾನೊಬ್ಬನೇ. ಗೌರಿ ಹಬ್ಬಕ್ಕೆ ಬಾಗಿನದ ಮೊರ ಹಿಡಿದು ನಾನೇ ಹೋಗಿ ಬರುತ್ತೇನೆ, ನಿಜ. ಆದರೆ ಅವಳು ನಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು, ನನ್ನ ಹೆಂಡತಿಗೆ ನನ್ನ ಮೇಲೆಯೇ ಚಾಡಿ ಹೇಳುತ್ತಿದ್ದ ಮಧ್ಯಾಹ್ನಗಳು ಬೇಕು ನನಗೆ. ಅದಕ್ಕಾಗಿ ಜೀವ ಹಾತೊರೆಯುತ್ತದೆ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು, ಜೊತೆಗೊಂದು ಸಂಶೋಧನೆ. ಒಂದು ಹಬ್ಬದ ದಿನ ಅಕ್ಕ, "ಅದೇನ್ಲಾ ಯಾವಾಗ್ಲೂ ಗೀಚ್ತಿರ್ತೀಯ?" ಎಂದು ಕೇಳಿದಳು. ಅವಳ ರಂಗೋಲಿ ಪುಡಿಯಲ್ಲೇ ನೆಲದ ಮೇಲೆ ಚುಕ್ಕಿ ಇಟ್ಟೆ: ನರಸೀಪುರ, ನಂಜನಗೂಡು, ಹುಲ್ಲಹಳ್ಳಿ, ಕವಲಂದೆ. ದಾರಿಗಳಿಗೆ ಗೆರೆ ಎಳೆದೆ.

"ಆದಷ್ಟೂ ಗೆರೆ ಅಳಿಸ್ಬೇಕು ಕಣಕ್ಕ. ಆದ್ರೆ ಯಾವೂರಿಂದ ಯಾವೂರಿಗೆ ಹೋದ್ರೂ ಮೊದಲಿನ ಎರಡರಷ್ಟು ದೂರ ಮೀರಬಾರ್ದು. ಅತಿ ಕಮ್ಮಿ ಗೆರೇಲಿ ಹೆಂಗೆ ಅನ್ನೋದೇ ತಲೆನೋವು. ನಾಕೂರಾದ್ರೆ ಸರಿ, ಊರು ಹೆಚ್ಚಿದ್ರೆ ಕಂಪ್ಯೂಟರೂ ಕೈಚೆಲ್ಲುತ್ತೆ."

ಮಾತಿನ ಭರದಲ್ಲಿ ನರಸೀಪುರದಿಂದ ಕವಲಂದೆಗಿದ್ದ ಗೆರೆಯನ್ನೇ ಬೆರಳಿನಿಂದ ಅಳಿಸಿದೆ. ನಂಜನಗೂಡಿನ ಮೇಲೆ ಹೋದರೂ ನನ್ನ ಲೆಕ್ಕಕ್ಕೆ ಸರಿಹೋಗುತ್ತಿತ್ತು. ಅಕ್ಕ ಆ ಜಾಗವನ್ನೇ ನೋಡುತ್ತಾ, "ಮೊದ್ಲು ಇದ ನೋಡ್ಕೊ," ಎಂದಳು.

ಆಮೇಲೆ ಫೋನ್ ಮಾಡಿದಾಗಲೆಲ್ಲ, "ಲೆಕ್ಕ ಎಲ್ಲಿಗ್ ಬಂತು?" ಎನ್ನುವಳು. ಮನೆಯಲ್ಲಿ ಯಾರೂ ಕೇಳದ್ದನ್ನು ಅಕ್ಕನಾದರೂ ಕೇಳುತ್ತಾಳಲ್ಲ ಎಂದು ನಾನು ಉಬ್ಬಿಹೋಗುತ್ತಿದ್ದೆ.

ಈ ಸಲ ಹಬ್ಬಕ್ಕೆ ಮುಂಚೆ ಕೆಲಸ ಕೈಗೂಡಿತು. ಮೊದಲು ಅವಳಿಗೇ ಫೋನ್ ಮಾಡಿದೆ.

"ಅಕ್ಕ, ಲೆಕ್ಕ ಮುಗೀತು."

"ಅಂಗಾದ್ರೆ ಬಸ್ ಯಾವತ್ತಿಂದ ಬುಡ್ತಾರ್ಲಾ?"

ಇಷ್ಟು ಕಾಲ ಅವಳು ವಿಚಾರಿಸುತ್ತಿದ್ದದ್ದು ಬಸ್ಸನ್ನು. ನಾನು ಸಾಬೀತು ಮಾಡಿದ್ದಾದರೋ, ಉಳಿಸಬೇಕಾದ ಗೆರೆಗಳನ್ನು ಬೇಗ ಆರಿಸುವ ಸುಲಭ ದಾರಿ ಸಿಗುತ್ತದೆಂದು ಯಾರೂ ಆಸೆ ಇಟ್ಟುಕೊಳ್ಳುವಂತಿಲ್ಲ ಎಂಬುದನ್ನು. ಅದನ್ನು ಅವಳಿಗೆ ಯಾವ ಬಾಯಿಂದ ಹೇಳಲಿ?

"ಬಸ್ ಬರಲ್ಲ ಕಣಕ್ಕ," ಎಂದೆ.

"ಅಲ್ಲಿಗ್ ಬರಕೆ ಅಂತ ಒಂದ್ ಸೀರೆ ಎತ್ತಿಟ್ಟಿದ್ದೆ," ಎಂದಳು.