ಹನ್ನೆರಡು ಬೆಂಚು, ಒಂದು ಠರಾವು

ಗೆಳೆಯರೇ, ಇವತ್ತು ನನ್ನ ಹೆಂಡತಿಯ ಮುಂದೆ ನಮ್ಮ ಚರ್ಚಿನ ಹಿರಿಯರೆಲ್ಲ ಸೋತೆವು.

ಭಾಲ್ಕಿಯ ನಮ್ಮ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಹಿರಿಯರು ಕೂತು ಠರಾವು ಮಾಡದೆ ಒಂದು ಚಾಪೆಯೂ ಹೊರಗೆ ಹೋಗುವಂತಿಲ್ಲ. ಅದನ್ನು ಬರೆಯುವ ಕಾರ್ಯದರ್ಶಿ ನಾನೇ. ಬೆಳಿಗ್ಗೆ ಆರಾಧನೆ ಮುಗಿಯುತ್ತಲೇ ಚರ್ಚಿನ ಪಕ್ಕದ ಮನೆಯ ಶರಣಪ್ಪ ಕಾಕಾ ತೀರಿಕೊಂಡರು. ಅವರ ಮಗಳು ಬಂದು, "ಅಣ್ಣಾ, ಮಂದಿ ಭಾಳ ಬರ್ತಾರ್ರಿ, ನಿಮ್ಮ ಬೆಂಚು ಕೊಡ್ತೀರೇನ್ರಿ?" ಎಂದಳು.

ನಾವು ಐವರು ಒಳಕೋಣೆ ಸೇರಿದೆವು. ಕೊಡಲು ಯಾರದೂ ತಕರಾರಿಲ್ಲ. ಮುರಿದರೆ ಜವಾಬ್ದಾರಿ ಯಾರದು ಎಂದು ಬರೆಯಲು ಅರ್ಧ ತಾಸು ಹಿಡಿಯಿತು. ಹೊರಬಂದರೆ ಚರ್ಚು ಖಾಲಿ. ಹನ್ನೆರಡೂ ಬೆಂಚುಗಳನ್ನು ನನ್ನ ಹೆಂಡತಿ ಉಳಿದ ಹೆಂಗಸರನ್ನು ಕಟ್ಟಿಕೊಂಡು ಹೊತ್ತೊಯ್ದಿದ್ದಳು.

"ಠರಾವಿಗಿ ಇನ್ನಾ ಸಹಿ ಆಗಿಲ್ಲ!" ಎಂದೆ, ಬಾಗಿಲಲ್ಲಿ ಎದುರಾದ ಅವಳಿಗೆ.

"ನೀವು ಸಾವಕಾಶ ಮಾಡ್ರಿ. ಹೋದ ಕ್ರಿಸ್ಮಸ್‌ಕ್ಕ ಕಾಕಾ ನಮ್ಮ ಪೆಂಡಾಲಿಗಿ ಅಂಗಳ ಬಿಟ್ಟುಕೊಟ್ಟಾಗ ಯಾವ ಠರಾವು ಮಾಡಿದ್ರು?"

ಸಹಿ ಹಾಕಲು ಚರ್ಚಿನಲ್ಲಿ ಕೂರುವ ಜಾಗವೇ ಇರಲಿಲ್ಲ. ಐವರೂ ಕಾಕಾನ ಅಂಗಳಕ್ಕೆ ಹೋಗಿ, ನಮ್ಮದೇ ಬೆಂಚಿನ ಮೇಲೆ ಕೂತೆವು. ಠರಾವಿನ ಪುಸ್ತಕ ಸಂಜೆಯವರೆಗೂ ನನ್ನ ಕಂಕುಳಲ್ಲೇ ಇತ್ತು. ತೆರೆಯುವ ಧೈರ್ಯ ಒಬ್ಬ ಹಿರಿಯನಿಗೂ ಬರಲಿಲ್ಲ.