ಅಲ್ಲಿ ಮೀನಿಲ್ಲ

ಎಲಿಯೇಸರ್ ಏನು ಕೆಲಸ ಮಾಡುತ್ತಾನೆಂದು ಯಾರಾದರೂ ಕೇಳಿದರೆ ಅವನ ಮಾವ ಬೆಲಿಸಾರಿಯೊ ತಾನೇ ಮುಂದೆ ಬಿದ್ದು ಉತ್ತರ ಕೊಡುತ್ತಿದ್ದ. "ನಮ್ಮಳಿಯ ಮೀನು ಹಿಡಿಯಲ್ಲ, ಜನ ಹಿಡೀತಾನೆ. ಹಿಡಿದೋರನ್ನ ಸಂಜೆ ವಾಪಸ್ ಬಿಟ್ಟೂ ಬರ್ತಾನೆ. ಅಷ್ಟು ಜಾಣ."

ಗುನಾ ಜನರ ಇಸ್ಬೆದುಬ್ ದ್ವೀಪದಲ್ಲಿ ಮದುವೆಯಾದ ಗಂಡಸರೆಲ್ಲ ಮನೆಯಳಿಯಂದಿರೇ. ಹಾಗಾಗಿ ಹೆಂಡತಿಯ ಮನೆಯಲ್ಲಿ ಉಣ್ಣುವುದಕ್ಕೆ ಯಾರೂ ಆಡಿಕೊಳ್ಳುವುದಿಲ್ಲ. ಮಾವನ ಒಲೆಗೆ ಮೀನು ತಾರದವನನ್ನು ಮಾತ್ರ ಆಡಿಕೊಳ್ಳುತ್ತಾರೆ. ಎಲಿಯೇಸರ್ ಬೀಸಿದ ಬಲೆ ಬಿಚ್ಚಿಕೊಳ್ಳದೆ ಒದ್ದೆ ಲಂಗದಂತೆ ಮುದ್ದೆಯಾಗಿ ನೀರಿಗೆ ಬೀಳುತ್ತಿತ್ತು. ಮುಳುಗು ಹಾಕಿದರೆ ಕಿವಿನೋವು. ಕೊನೆಗೆ ಪ್ರವಾಸಿಗರನ್ನು ದಡದಿಂದ ಕರೆತರುವ ಮೋಟಾರು ದೋಣಿಯಲ್ಲಿ ದಿನಗೂಲಿಗೆ ಸೇರಿಕೊಂಡ. ತನಗೆ ಬರುವುದು ಸ್ಪ್ಯಾನಿಷ್ ಮತ್ತು ಮುಗುಳ್ನಗೆ, ಅದರಲ್ಲೂ ಮುಗುಳ್ನಗೆಗೆ ಮಧ್ಯಾಹ್ನದ ಹೊತ್ತಿಗೆ ದವಡೆ ಸೋಲುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ದೋಣಿ ಇಳಿಯುವ ಮೊದಲು ಪ್ರವಾಸಿಗರಿಗೆ ಊರಿನ ರೀತಿ ರಿವಾಜು ತಿಳಿಸುವುದೂ ಅವನ ಪಾಲಿಗೆ ಬಂದಿತ್ತು. ಊರ ಹಿರಿಯ ಸಾಗ್ಲಾನ ಅಪ್ಪಣೆ ಪಡೆಯದೆ ತಿರುಗಾಡಬಾರದು. ಕೇಳದೆ ಯಾರ ಫೋಟೊವನ್ನೂ ತೆಗೆಯಬಾರದು. ಈಜುಡುಗೆಯಲ್ಲಿ ಮನೆಗಳ ನಡುವೆ ಓಡಾಡಬಾರದು. ಆಚೆ ದಡದ ನದಿ ಬಾಯಿಯ ಸ್ಮಶಾನದ ಕಡೆ ಕಾಲಿಡಬಾರದು. ಇಷ್ಟು ಹೇಳಿ, ಕೊನೆಗೆ ದ್ವೀಪದ ಮೂಡಣ ತುದಿಯತ್ತ ಗದ್ದ ಎತ್ತಿ, "ಅಲ್ಲಿ ಮೀನಿಲ್ಲ" ಎನ್ನುತ್ತಿದ್ದ.

ಅಲ್ಲಿದ್ದದ್ದು ಸುಳಿ. ಹವಳದ ದಿಬ್ಬಗಳ ನಡುವೆ, ಮೇಲಿನಿಂದ ನೋಡಿದರೆ ಬಟ್ಟಲಲ್ಲಿಟ್ಟ ನೀರಿನಷ್ಟು ತಣ್ಣಗೆ, ಸೆಳೆತವೆಲ್ಲ ಕೆಳಗೆ. ಅದರೊಳಗೆ ಯಾರ ವಾಸವಿದೆಯೆಂದು ಊರಿಗೆಲ್ಲ ಗೊತ್ತು. ಆದರೆ ಯಾರೂ ಅತ್ತ ಬೆರಳು ತೋರಿಸುವುದಿಲ್ಲ, ಅದರ ಮಾತೆತ್ತುವುದಿಲ್ಲ. ಮಾತೆತ್ತಿದವನ ಮನೆಯಲ್ಲಿ ಬಸುರಿಯಿದ್ದರೆ ಹೊಟ್ಟೆಯ ಮಗುವನ್ನು ಅದು ಕರೆಸಿಕೊಳ್ಳುತ್ತದೆ. ಆದ್ದರಿಂದಲೇ 'ಅಲ್ಲಿ ಮೀನಿಲ್ಲ'. ಹಾಗೆಂದರೆ ಹೋದವನು ಬರುವುದಿಲ್ಲ ಎಂದು ನಡಿಗೆ ಕಲಿತ ಕೂಸಿಗೂ ತಿಳಿಯುತ್ತದೆ. ಎಲಿಯೇಸರನ ಹೆಂಡತಿ ಬ್ರಿಸೇದಾ ಈಗ ತುಂಬು ಬಸುರಿ. ಅವಳ ಮೊದಲ ಬಸಿರು ನಿಂತಿರಲಿಲ್ಲ.

ಗಾಸ್ಪರ್ ಚಿಲಿ ದೇಶದವನು, ಶಾಲೆಯೊಂದರಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದವನು. ಹೆಂಡತಿ ಮಾರ್ಸೆಲಾಳೊಂದಿಗೆ ಬಂದಿದ್ದ. ಅಂಥ ಮರ್ಯಾದಸ್ಥ ಪ್ರವಾಸಿಯನ್ನು ಇಸ್ಬೆದುಬ್ ಕಂಡಿರಲಿಲ್ಲ. ಮರದ ದಿಮ್ಮಿಯ ಮೇಲೆ ಕೂರುವುದಕ್ಕೂ ಅಪ್ಪಣೆ ಕೇಳಿದ. ಹೆಂಗಸರು ಹೊಲಿದ ಮೋಲಾ ಬಟ್ಟೆಗೆ ಚೌಕಾಸಿ ಮಾಡಲಿಲ್ಲ. ಅಜ್ಜಿಯೊಬ್ಬಳು ಫೋಟೊ ಬೇಡವೆಂದು ತಲೆಯಾಡಿಸಿದಾಗ ಫೋನನ್ನೇ ಹೆಂಡತಿಯ ಚೀಲಕ್ಕೆ ಸೇರಿಸಿಬಿಟ್ಟ.

"ಇಂಥವನು ಅಳಿಯ ಆಗಬೇಕಿತ್ತು ನಂಗೆ," ಎಂದ ಬೆಲಿಸಾರಿಯೊ.

"ಅವರಿಗೆ ಆಗ್ಲೇ ಮದುವೆ ಆಗಿದೆ ಮಾವ."

"ಹೂಂ. ಒಳ್ಳೇ ಮಾಲೆಲ್ಲ ಬೇಗ ಖರ್ಚಾಗೋಗುತ್ತೆ. ಉಳಿದಿದ್ದು ನಮ್ಮ ಮನೆಗೆ ಬರುತ್ತೆ."

ಊಟವಾದ ಮೇಲೆ ಗಾಸ್ಪರ್ ಎಲಿಯೇಸರನನ್ನು ಹುಡುಕಿಕೊಂಡು ಬಂದ. "ಸ್ವಲ್ಪ ಉದ್ದಕ್ಕೆ ಈಜಬೇಕು ಅನ್ನಿಸ್ತಿದೆ. ಆದರೆ ನಿಮ್ಮೋರು ಮೀನು ಹಿಡಿಯೋ ಕಡೆ ಹೋಗಿ ಅವರ ಕೆಲಸ ಕೆಡಿಸಬಾರದು ನೋಡಿ. ಮೂಡಣ ತುದೀಲಿ ಮೀನಿಲ್ಲ ಅಂದ್ರಲ್ಲ ನೀವು?"

"ಇಲ್ಲ," ಎಂದ ಎಲಿಯೇಸರ್. ಗಾಸ್ಪರನ ಕಣ್ಣನ್ನೇ ನೋಡುತ್ತಾ ಒತ್ತಿ ಮತ್ತೊಮ್ಮೆ ಹೇಳಿದ. "ಅಲ್ಲಿ ಮೀನಿಲ್ಲ. ಒಂದೂ ಇಲ್ಲ."

ಅವನ ಲೆಕ್ಕದಲ್ಲಿ ಅದು ರಟ್ಟೆ ಹಿಡಿದು ಎಳೆದಷ್ಟು ಗಟ್ಟಿ ಮಾತು. ಗಾಸ್ಪರ್ ನಕ್ಕು, ತುಂಬಾ ಉಪಕಾರವಾಯಿತು ಎಂದ. ಎಲಿಯೇಸರ್ ತನ್ನ ಕೆಲಸ ಅಚ್ಚುಕಟ್ಟಾಯಿತೆಂದುಕೊಂಡು ಉಳಿದವರಿಗೆ ಎಳನೀರು ಕೆತ್ತಲು ಕೂತ.

ಬಿಸಿಲು ಇಳಿಯುವ ಹೊತ್ತಿಗೆ ಮಾರ್ಸೆಲಾ ಟವೆಲ್ ಹಿಡಿದುಕೊಂಡು ಬಂದಳು. "ಗಾಸ್ಪರ್ ಇನ್ನೂ ಬಂದಿಲ್ಲ. ಆ ಕಡೆ ಹೋಗ್ತೀನಿ ಅಂತ ಹೋದೋರು," ಎಂದು ಮೂಡಣ ತುದಿಯತ್ತ ಬೆರಳು ಚಾಚಿದಳು. ಮೀನು ಹಸನು ಮಾಡುತ್ತಿದ್ದ ಹೆಂಗಸರ ಕೈಗಳು ನಿಂತವು. ಎಲಿಯೇಸರನ ಕೈಯಿಂದ ಕತ್ತಿ ಜಾರಿ ಕಾಲಿನ ಪಕ್ಕದ ಮರಳಿಗೆ ಚುಚ್ಚಿಕೊಂಡಿತು.

ಊರಿನ ದೋಣಿಗಳೆಲ್ಲ ಹೊರಟವು. ಸುಳಿಯ ಅಂಚಿನವರೆಗೆ ಹೋದದ್ದು ಬೆಲಿಸಾರಿಯೊನ ದೋಣಿ ಒಂದೇ. ಮುಂದೆ ಕೂತ ಎಲಿಯೇಸರ್ ಗಾಸ್ಪರನ ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಿದ. ನೀರು ಅಲುಗದೆ ತಣ್ಣಗಿತ್ತು. "ಕೂಗಬೇಡ," ಎಂದ ಮಾವ, ಹುಟ್ಟು ಹಿಂದಕ್ಕೆ ತಳ್ಳುತ್ತಾ. "ಇದ್ದಿದ್ರೆ ಅವನೇ ಕೂಗ್ತಿದ್ದ."

ಮರುದಿನ ಹೆಣ ಸಿಕ್ಕಿದ್ದು ದಡದ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನಲ್ಲಿ. ಪೊಲೀಸರು ಬರುವ ತನಕ ಊರ ಹೆಂಗಸರು ಅದರ ಸುತ್ತ ಕೂತು, ತಮ್ಮವರು ಸತ್ತರೆ ಹಾಡಿಕೊಂಡು ಅಳುವ ಹಾಗೆಯೇ ಅತ್ತರು. ಮಾರ್ಸೆಲಾ ಅಳಲಿಲ್ಲ. ಎಲಿಯೇಸರ್ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು. "ಅವರು ನಿಮ್ಮನ್ನ ಕೇಳಿಯೇ ಹೋದ್ರಲ್ಲ? ಬೇಡ ಅಂದಿದ್ರೆ ಹೋಗ್ತಿರಲಿಲ್ಲ. ಬೇಡ ಅಂದ ಕಡೆ ಅವರು ಯಾವತ್ತೂ ಹೋದೋರಲ್ಲ."

"ಬೇಡ ಅಂತಾನೇ ಅಂದೆ," ಎನ್ನಬೇಕೆನಿಸಿತು ಎಲಿಯೇಸರನಿಗೆ. ಅವನ ಸ್ಪ್ಯಾನಿಷ್ ಅಷ್ಟು ದೂರ ಬರಲಿಲ್ಲ.

ಸಭಾಮನೆಯಲ್ಲಿ ಊರು ಸೇರಿತು. ಸಾಗ್ಲಾ ನಡುವಿನ ಜೋಲಿಯಲ್ಲಿ ಮಲಗಿ ಕೇಳುತ್ತಿದ್ದ. ಪ್ರವಾಸಿಗರ ಸಹವಾಸವೇ ಬೇಡವೆಂದರು ಕೆಲವರು. ದೋಣಿಯ ಪೆಟ್ರೋಲಿಗೆ ನಿಮ್ಮ ತೆಂಗಿನಕಾಯಿ ಸುರೀಬೇಕಾ ಎಂದರು ಉಳಿದವರು.

"ಸ್ಪ್ಯಾನಿಷ್‌ನಲ್ಲಿ ನೇರವಾಗಿ ಹೇಳೋಣ," ಎಂದನೊಬ್ಬ ಬೆಸ್ತ. "ನಮ್ಮ ಮಾತಲ್ಲಿ ಹೇಳಿದ್ರೆ ತಾನೇ ಅದಕ್ಕೆ ತಿಳಿಯೋದು?"

"ಆ ಮಾತಿನೋರು ಈ ಸಮುದ್ರಕ್ಕೆ ಬಂದು ಯಾವ ಕಾಲ ಆಯ್ತೋ ಮಾರಾಯ!" ಎಂದಳು ಹಿಂದಿನ ಸಾಲಿನ ಮುದುಕಿ. "ನಿನ್ನಂಥ ಮಡ್ಡಿಗೇ ನಾಲ್ಕು ಮಾತು ಬರುತ್ತೆ, ಅದಕ್ಕೆ ಬರಲ್ವಾ?"

ಒಬ್ಬಿಬ್ಬರು ನಕ್ಕರು. ನಕ್ಕವರು ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದರು.

ಸಾಗ್ಲಾ ಎದ್ದು ಕೂತ. "ಅವನು ಕೇಳ್ಕೊಂಡು ಬಂದ. ನಾವು ಹೇಳಲಿಲ್ಲ. ಇನ್ಮೇಲೆ ಬಾಯಿಬಿಟ್ಟು ಹೇಳಬೇಕು. ಸುಳಿ ಇದೆ, ಎಳ್ಕೊಳ್ಳುತ್ತೆ, ಸತ್ತಿದ್ದಾರೆ ಅಂತ. ಕರ್ಕೊಂಡು ಬರೋನೇ ಹೇಳಬೇಕು."

"ಅವನ ಹೆಂಡ್ತಿ ಬಸುರಿ," ಬೆಲಿಸಾರಿಯೊ ಎದ್ದು ನಿಂತ. "ನಾನು ಹೇಳ್ತೀನಿ. ನಾನು ಮುದುಕ."

"ನೀನೂ ಅದೇ ಮನೆಯೋನಲ್ವೇನೋ? ಮೇಲಾಗಿ ನಿಂಗೆ ಅವರ ಮಾತು ಎಲ್ಲಿ ಬರುತ್ತೆ?" ಎಂದ ಸಾಗ್ಲಾ.

ಬೆಲಿಸಾರಿಯೊ ಕೂತ. ಅಳಿಯನ ಮೇಲೆ ಒಂದು ಮಾತು ಎಸೆಯುತ್ತಾನೆಂದು ಅಕ್ಕಪಕ್ಕದವರು ಕಾದರು. ಎಸೆಯಲಿಲ್ಲ.

ಮನೆಗೆ ಬಂದ ಎಲಿಯೇಸರ್, ಕೆಲಸ ಬಿಟ್ಟುಬಿಡುತ್ತೇನೆಂದು ಬ್ರಿಸೇದಾಳಿಗೆ ಹೇಳಿದ. ಬಲೆ ಬೀಸುವುದನ್ನಾದರೂ ಕಲಿಯುತ್ತೇನೆ, ಊರಿಗೆ ನಗುವುದಕ್ಕೆ ಏನಾದರೂ ಬೇಕಲ್ಲ ಎಂದ. ಅವಳು ನಗಲಿಲ್ಲ.

"ನೀನು ಬಿಟ್ರೆ ಇನ್ನೊಬ್ಬ ಬರ್ತಾನೆ. ಅವನ ಮನೇಲೂ ಬಸುರಿ ಇರ್ತಾಳೆ. ಅವನೂ ಮೀನಿಲ್ಲ ಅಂತಾನೆ. ಇನ್ನೊಬ್ಬಳು ಟವೆಲ್ ಹಿಡ್ಕೊಂಡು ಬರ್ತಾಳೆ."

"ಮತ್ತೆ ನೀನು?"

"ನನ್ನ ಕೇಳಬೇಡ. ಹೋಗಿ ಹೇಳು."

ಅವನು ಹೇಳಿದ. ಮೊದಲ ದಿನ ತೊದಲಿದ, ಮುಗುಳ್ನಗೆ ಹಾಕಲಾಗಲಿಲ್ಲ. ಒಬ್ಬ ಪ್ರವಾಸಿ, ದೂರದಿಂದ ಸುಳಿಯ ಫೋಟೊ ತೆಗೆಯಬಹುದೇ ಎಂದು ಕೇಳಿದ. ಇನ್ನೊಬ್ಬಳು ತನ್ನ ಮಗಳ ಕೈ ಹಿಡಿದು ಹತ್ತಿರ ಎಳೆದುಕೊಂಡಳು. ಅದನ್ನು ಕಂಡು ಎಲಿಯೇಸರ್ ಇನ್ನೊಮ್ಮೆ, ಜೋರಾಗಿ ಹೇಳಿದ.

ಈಗ ದಿನವೂ ಹೀಗೆ. ಸಂಜೆ ಅವನು ಬಾಗಿಲಿಗೆ ಬಂದರೆ ಬ್ರಿಸೇದಾ ಜೋಲಿಯಿಂದಲೇ, "ಹೇಳಿದ್ಯಾ?" ಎನ್ನುತ್ತಾಳೆ. "ಹೇಳಿದೆ" ಎನ್ನುತ್ತಾನೆ. ಅವಳು ಹೊಟ್ಟೆಯ ಮೇಲೆ ಅಂಗೈ ಊರಿ ಕಾಯುತ್ತಾಳೆ. ಒಳಗಿನಿಂದ ಒದ್ದದ್ದು ತಿಳಿದ ಮೇಲೆ, "ಬಾ, ಉಣ್ಣು" ಎನ್ನುತ್ತಾಳೆ. ಅಲ್ಲಿಯವರೆಗೆ ಅವನು ಒಳಗೆ ಬರುವುದಿಲ್ಲ, ಬಲೆ ಹೆಣೆಯುವ ಮಾವ ಕೈ ಆಡಿಸುವುದಿಲ್ಲ.

ಇವತ್ತು ಅವಳು ಎಡಕ್ಕೆ ಒತ್ತಿ ನೋಡಿದಳು. ಬಲಕ್ಕೆ ಹೊರಳಿ ನೋಡಿದಳು. ತೆಂಗಿನಹಾಲಿನ ಮೀನು ಸಾರು ಒಲೆಯ ಪಕ್ಕ ಆರುತ್ತಿತ್ತು.

"ಮಲಗಿರುತ್ತೆ," ಎಂದ ಬೆಲಿಸಾರಿಯೊ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಹೇಳಿದ.

ಬ್ರಿಸೇದಾ ಕೈ ತೆಗೆಯಲಿಲ್ಲ. ಎಲಿಯೇಸರ್ ಬಾಗಿಲಲ್ಲೇ ನಿಂತಿದ್ದ.